ಸ್ಪರ್ಶವಿದ್ಯೆಯ ಪರೀಕ್ಷೆ

ವೈದ್ಯನನ್ನೂ ದಾದಿಯನ್ನೂ ಕ್ಷೌರಿಕನನ್ನೂ ಬಿಟ್ಟರೆ, ಬಂಧುವಲ್ಲದ ಮನುಷ್ಯನ ಮೈಯನ್ನು ಮುಟ್ಟುವ ಅಧಿಕಾರವನ್ನು ಸಮಾಜವು ಒಪ್ಪಿಸಿರುವ ವೃತ್ತಿಗಳು ವಿರಳ. ಅಂಥ ವಿರಳ ವೃತ್ತಿಗಳಲ್ಲೊಂದಾದ ಸೌಂದರ್ಯಚಿಕಿತ್ಸೆಯು ಮಹಾನಗರಗಳಲ್ಲಿ ಮಾತ್ರವಲ್ಲದೆ ತಾಲ್ಲೂಕು ಕೇಂದ್ರಗಳ ಪೇಟೆಬೀದಿಗಳಲ್ಲಿಯೂ ಬ್ಯೂಟಿ ಪಾರ್ಲರಿನ ರೂಪದಲ್ಲಿ ನೆಲೆಯೂರಿರುವುದನ್ನು ನಾವೆಲ್ಲರೂ ಬಲ್ಲೆವಾದರೂ, ಈ ವೃತ್ತಿಗೆ ಅಂಗರಚನಾಶಾಸ್ತ್ರ, ಚರ್ಮಶಾಸ್ತ್ರ, ರಸಾಯನಶಾಸ್ತ್ರಗಳನ್ನೊಳಗೊಂಡ ಪಾಠಕ್ರಮವೊಂದುಂಟೆಂಬುದೂ, ಹಲವು ದೇಶಗಳಲ್ಲಿ ಒಂದೇ ಅಳತೆಗೋಲಿನಿಂದ ನಡೆಯುವ ಪರೀಕ್ಷೆಯುಂಟೆಂಬುದೂ ಬಹುಮಂದಿಯ ಗಮನಕ್ಕೆ ಬಂದಂತಿಲ್ಲ. ಅಲಂಕಾರವೆಂದರೆ ಕೈಚಳಕ, ಕೈಚಳಕವೆಂದರೆ ನೋಡಿ ಕಲಿಯುವಂಥದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಭಾವನೆ ಅರ್ಧ ಸತ್ಯ.

ಈ ವಿದ್ಯೆಗೆ ಪರೀಕ್ಷೆ ಏಕೆ ಬೇಕಾಯಿತೆಂಬುದನ್ನು ಅರಿಯಲು ಲಂಡನ್ನಿನ ಹಳೆಯ ಪ್ರಕರಣವೊಂದನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಆ ನಗರದಲ್ಲಿ ಅಂಗಮರ್ದನದ ಹೆಸರನ್ನು ಮುಂದೊಡ್ಡಿ ಅನೈತಿಕ ವ್ಯವಹಾರ ನಡೆಸುವ ಗೃಹಗಳು ತಲೆಯೆತ್ತಿದ್ದವು. 1894ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯು ಇದನ್ನು ಬಯಲಿಗೆಳೆದಾಗ, ರೋಗಿಗಳ ನೋವು ನೀಗಲೆಂದು ಪ್ರಾಮಾಣಿಕವಾಗಿ ಆ ಕೆಲಸ ಮಾಡುತ್ತಿದ್ದ ದಾದಿಯರ ಮೇಲೂ ಸಂಶಯದ ನೆರಳು ಬಿದ್ದಿತು. ಅದೇ ವರ್ಷ ಲೂಸಿ ರಾಬಿನ್‌ಸನ್, ರೊಸಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಮಹಿಳೆಯರು ಸೇರಿ ತರಬೇತಿ ಪಡೆದ ಅಂಗಮರ್ದಕಿಯರ ಸಂಘವೊಂದನ್ನು ಸ್ಥಾಪಿಸಿದರು. ಅಪವಾದಕ್ಕೆ ಅವರು ಕೊಟ್ಟ ಉತ್ತರ ಶಿಕ್ಷಣ, ಪರೀಕ್ಷೆ ಮತ್ತು ನಿಯಮಾವಳಿ: ವೈದ್ಯನ ಆದೇಶವಿಲ್ಲದೆ ಅಂಗಮರ್ದನ ಮಾಡಕೂಡದು, ವೈದ್ಯಕೀಯ ಪತ್ರಿಕೆಗಳಲ್ಲಲ್ಲದೆ ಬೇರೆಡೆ ಜಾಹೀರಾತು ಕೊಡಕೂಡದು, ರೋಗಿಗಳಿಗೆ ಔಷಧಿ ಮಾರಕೂಡದು. 1920ರಲ್ಲಿ ಆ ಸಂಘಕ್ಕೆ ರಾಜಸನ್ನದು ದೊರೆಯಿತು. ಇಂದು ಬ್ರಿಟನ್ನಿನ ಭೌತಚಿಕಿತ್ಸಕರ ಅಧಿಕೃತ ಸಂಸ್ಥೆಯಾಗಿರುವುದು ಅದೇ. ಕೆಟ್ಟ ಹೆಸರು ಬಂದ ವೃತ್ತಿಯೊಂದನ್ನು ಅದರಲ್ಲಿದ್ದ ಹೆಂಗಸರೇ ಎತ್ತಿ ನಿಲ್ಲಿಸಿದ ಈ ಕಥೆ ನನಗೆ ಬಹು ಪೂಜ್ಯವಾಗಿ ತೋರುತ್ತದೆ.

ಸೌಂದರ್ಯಚಿಕಿತ್ಸೆಯ ಕ್ಷೇತ್ರದಲ್ಲಿ ಇಂಥ ಪ್ರಯತ್ನವು ಅಂತರರಾಷ್ಟ್ರೀಯ ಸ್ವರೂಪವನ್ನು ತಳೆದುದು ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. 1946ರಲ್ಲಿ ಬ್ರಸೆಲ್ಸ್ ನಗರದಲ್ಲಿ ‘ಸಿಡೆಸ್ಕೊ’ ಎಂಬ ಸಂಕ್ಷಿಪ್ತನಾಮದಿಂದ ಪ್ರಸಿದ್ಧವಾದ ಸಂಸ್ಥೆಯು ಹುಟ್ಟಿತು. ಅದರ ಕೇಂದ್ರ ಕಚೇರಿ ಈಗ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿದೆ. ಮಾನ್ಯತೆ ಪಡೆದ ಶಾಲೆಯಲ್ಲಿ 1200 ಗಂಟೆಗಳ ಶಿಕ್ಷಣವನ್ನು ಪೂರೈಸಿದ ವಿದ್ಯಾರ್ಥಿನಿಯು, ತನಗೆ ಕಲಿಸಿದ ಗುರುವಿನ ಮುಂದಲ್ಲದೆ ಸಂಸ್ಥೆ ನಿಯಮಿಸಿದ ಹೊರಗಿನ ಪರೀಕ್ಷಕರ ಮುಂದೆ ನಿಂತು, ಮುಖ, ಕೈಕಾಲು, ಮೈಗಳ ಚಿಕಿತ್ಸೆಗಳನ್ನು ಪ್ರತ್ಯಕ್ಷವಾಗಿ ಮಾಡಿ ತೋರಿಸಬೇಕು. ಅದರಲ್ಲಿ ಉತ್ತೀರ್ಣಳಾದ ಮೇಲೂ 600 ಗಂಟೆಗಳ ಕೆಲಸದ ಅನುಭವವನ್ನು ಗಳಿಸಿದ ಬಳಿಕವೇ ಡಿಪ್ಲೊಮಾ ಅವಳ ಕೈ ಸೇರುವುದು. ಇದೇ ಮಾರ್ಗದಲ್ಲಿ ಬ್ರಿಟನ್ನಿನಲ್ಲಿ 1947ರಲ್ಲಿ ಆರಂಭವಾದ ‘ಐಟೆಕ್’ ಪರೀಕ್ಷೆಯೂ ಹಲವು ದೇಶಗಳಲ್ಲಿ ಪ್ರಚಾರದಲ್ಲಿದೆ.

ಇಷ್ಟು ಗಂಟೆಗಳ ಕಾಲ ಏನನ್ನು ಕಲಿಸುವರೆಂದು ಕೇಳುವವರು ಅಂಗಮರ್ದನವನ್ನೇ ನೋಡಲಿ. ಮೃದುವಾಗಿ ನೀವುವುದು, ಹಿಡಿದು ನಾದುವುದು, ಬೆರಳೂರಿ ಉಜ್ಜುವುದು, ಲಯಬದ್ಧವಾಗಿ ತಟ್ಟುವುದು ಎಂಬ ಹಸ್ತಕ್ರಿಯೆಗಳನ್ನು ಆಮ್‌ಸ್ಟರ್‌ಡ್ಯಾಮಿನ ವೈದ್ಯ ಯೋಹಾನ್ ಮೆಟ್ಸ್‌ಗರ್ ಹತ್ತೊಂಬತ್ತನೆಯ ಶತಮಾನದಲ್ಲಿ ವರ್ಗೀಕರಿಸಿದನೆಂದು ಇತಿಹಾಸಕಾರರು ಹೇಳುತ್ತಾರೆ. ಕಾಲನ್ನು ನೀವುವಾಗ ಒತ್ತಡವು ಪಾದದಿಂದ ಮೇಲ್ಮುಖವಾಗಿ, ಹೃದಯದ ದಿಕ್ಕಿಗೇ ಇರಬೇಕೆಂಬುದು ಪಾಠ. ರಕ್ತವು ಅಭಿಧಮನಿಗಳಲ್ಲಿ ಆ ದಿಕ್ಕಿನಲ್ಲಿ ಹರಿಯುವುದೂ, ಅದು ಹಿಂದಕ್ಕಿಳಿಯದಂತೆ ತಡೆಯುವ ಕವಾಟಗಳು ಅಲ್ಲಿರುವುದೂ ಅದಕ್ಕೆ ಕಾರಣ. ಕಾರಣವನ್ನರಿತ ಕೈಗೂ ಅರಿಯದ ಕೈಗೂ ಹೊರನೋಟಕ್ಕೆ ವ್ಯತ್ಯಾಸ ಕಾಣದಿರಬಹುದು, ಆದರೆ ಉಬ್ಬಿದ ರಕ್ತನಾಳಗಳ ಕಾಲೊಂದು ಎದುರಿಗೆ ಬಂದಾಗ ಆ ವ್ಯತ್ಯಾಸ ಪ್ರಕಟವಾಗುತ್ತದೆ. ಅರಿತವಳು ಅಲ್ಲಿ ಕೈಯನ್ನು ಹಿಂತೆಗೆಯುತ್ತಾಳೆ.

ನನ್ನ ದೃಷ್ಟಿಯಲ್ಲಿ ಈ ಶಿಕ್ಷಣದ ಸಾರವೆಲ್ಲ ಈ ಹಿಂತೆಗೆಯುವಿಕೆಯಲ್ಲಿದೆ. ಜ್ವರವಿರುವವರಿಗೆ, ಕಾಲಿನ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರಿಗೆ, ಅಂಟುವ ಚರ್ಮರೋಗವುಳ್ಳವರಿಗೆ ಅಂಗಮರ್ದನ ನಿಷಿದ್ಧ. ಮೊಡವೆಗೆಂದು ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವ ತರುಣಿಗೆ ವ್ಯಾಕ್ಸಿಂಗ್ ಮಾಡಿದರೆ ಕೂದಲಿನೊಡನೆ ಚರ್ಮವೂ ಕಿತ್ತುಬರುವ ಅಪಾಯವುಂಟು. ಕೂದಲಿಗೆ ಬಣ್ಣ ಹಚ್ಚುವ ಎರಡು ದಿನ ಮೊದಲು ಕಿವಿಯ ಹಿಂದೆ ಇಲ್ಲವೆ ಮೊಣಕೈಯ ಒಳಮಡಿಕೆಯಲ್ಲಿ ಒಂದಿಷ್ಟು ಹಚ್ಚಿ ಪ್ಯಾಚ್ ಟೆಸ್ಟ್ ಮಾಡದಿದ್ದರೆ, ಪಿಪಿಡಿ ಎಂಬ ರಾಸಾಯನಿಕವು ಒಗ್ಗದವರ ಮುಖವೆಲ್ಲ ಬಾತುಕೊಳ್ಳಬಹುದು. ಆದುದರಿಂದಲೇ ಕೈ ಹಚ್ಚುವ ಮೊದಲು ಬಂದವರನ್ನು ಕೂರಿಸಿ, ಅವರ ಆರೋಗ್ಯವನ್ನೂ ಸೇವಿಸುತ್ತಿರುವ ಔಷಧಿಗಳನ್ನೂ ವಿಚಾರಿಸಿ, ಬರೆದಿಟ್ಟು, ಸಮ್ಮತಿ ಪಡೆಯತಕ್ಕದ್ದೆಂಬ ನಿಯಮ ಬಂದಿದೆ. ಇದು ನಮಗೆ ಹೊಸದೇನೂ ಅಲ್ಲ. ನಿತ್ಯವೂ ಅಭ್ಯಂಗವನ್ನು ಆಚರಿಸಬೇಕೆಂದೂ ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದೂ ವಿಧಿಸಿದ ವಾಗ್ಭಟಾಚಾರ್ಯನೇ, ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ, ಕಫಪೀಡಿತರಿಗೂ ಅಜೀರ್ಣವುಳ್ಳವರಿಗೂ ಶೋಧನಚಿಕಿತ್ಸೆ ಪಡೆದವರಿಗೂ ಅದು ವರ್ಜ್ಯವೆಂದು ಹೇಳಿದ್ದಾನೆ.

ಅಪಾಯವು ಅನಿರೀಕ್ಷಿತವಾದ ಎಡೆಯಲ್ಲಿಯೂ ಅಡಗಿರುತ್ತದೆ. ತಲೆ ತೊಳೆಸಿಕೊಳ್ಳಲೆಂದು ಬೇಸಿನ್ನಿನ ಅಂಚಿಗೆ ಕತ್ತನ್ನು ಹಿಂದಕ್ಕೆ ಬಾಗಿಸಿ ಒರಗಿದ ಬಳಿಕ ನರಸಂಬಂಧಿ ತೊಂದರೆಗೊಳಗಾದ ಐವರು ಸ್ತ್ರೀಯರ ವಿಷಯವನ್ನು ಅಮೆರಿಕದ ವೈದ್ಯ ಮೈಕೆಲ್ ವೈನ್‌ಟ್ರಾಬ್ 1993ರಲ್ಲಿ ಪ್ರಕಟಿಸಿದ ಮೇಲೆ, ಕತ್ತಿನ ಕೆಳಗೆ ಮಡಿಸಿದ ಟವೆಲ್ಲನ್ನಿಡುವುದು ಕೇವಲ ಉಪಚಾರವಾಗಿ ಉಳಿಯಲಿಲ್ಲ. ಉಪಕರಣಗಳ ಮಾತೂ ಹೀಗೆಯೇ. ನೀಲಿ ದೀಪ ಬೆಳಗುವ ಅತಿನೇರಳೆ ಕಿರಣದ ಪೆಟ್ಟಿಗೆಯನ್ನು ಕಂಡು ಸಮಾಧಾನ ತಾಳುವವರು, ಅದು ಶುದ್ಧವಾದ ಉಪಕರಣವನ್ನು ಶುದ್ಧವಾಗಿ ಕಾಪಿಡಲಷ್ಟೇ ತಕ್ಕದ್ದೆಂದೂ, ಲೋಹದ ಉಪಕರಣಗಳು ನಿಜವಾಗಿ ನಿಷ್ಕ್ರಿಮಿಯಾಗಲು ಆಟೊಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಹಬೆಯಲ್ಲಿ ಕಾಲು ಗಂಟೆ ಬೇಯಬೇಕೆಂದೂ ತಿಳಿಯತಕ್ಕದ್ದು.

ಆದರೆ ಯೂರೋಪಿನಲ್ಲಿ ಹುಟ್ಟಿದ ಮಾನದಂಡವನ್ನು ನಮ್ಮವರ ಮೈಬಣ್ಣಕ್ಕೆ ಅನ್ವಯಿಸುವಾಗ ವಿವೇಚನೆ ಬೇಕು. ಬಿಸಿಲಿಗೆ ಚರ್ಮವು ಸುಡುವುದೋ ಕಂದುವುದೋ ಎಂಬುದನ್ನಾಧರಿಸಿ ಹಾರ್ವರ್ಡಿನ ಚರ್ಮತಜ್ಞ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ ವರ್ಗೀಕರಣವು ಇಂದು ಸೌಂದರ್ಯಚಿಕಿತ್ಸೆಯ ಶಾಲೆಗಳಲ್ಲಿ ಬೋಧಿತವಾಗುತ್ತಿದೆ. ಮೊದಲಿಗೆ ಅದರಲ್ಲಿ ಬಿಳಿಯ ಚರ್ಮದ ನಾಲ್ಕು ವರ್ಗಗಳು ಮಾತ್ರವಿದ್ದು, ಕಂದು ಮತ್ತು ಕಪ್ಪು ಚರ್ಮದ ಐದನೆಯ, ಆರನೆಯ ವರ್ಗಗಳು ತರುವಾಯ ಸೇರಿಕೊಂಡವು. ನಮ್ಮ ಜನರಲ್ಲಿ ಬಹುಪಾಲು ನಾಲ್ಕರಿಂದ ಆರರವರೆಗಿನ ವರ್ಗಗಳಿಗೆ ಸೇರಿದವರು; ಇಂಥ ಚರ್ಮಕ್ಕೆ ತೀಕ್ಷ್ಣವಾದ ಆಮ್ಲದ ಪೀಲಿಂಗ್ ಆಗಲಿ ಅತಿಯಾದ ಬ್ಲೀಚ್ ಆಗಲಿ ಕಿರಿಕಿರಿಯನ್ನುಂಟುಮಾಡಿದರೆ, ಉರಿ ಇಳಿದ ಮೇಲೆ ಕಪ್ಪು ಕಲೆ ಉಳಿದು ತಿಂಗಳುಗಟ್ಟಲೆ ಮಾಯದಿರಬಹುದು. ಬೆಳ್ಳಗಾಗುವ ಆಸೆಯಿಂದ ಬಂದ ಹುಡುಗಿಗೆ ಇದನ್ನು ತಿಳಿಹೇಳಿ ಹಿಂದಕ್ಕೆ ಕಳುಹಿಸುವ ಧೈರ್ಯವನ್ನು ವಿದ್ಯಾರ್ಥಿನಿಗೆ ಕೊಡದ ಶಿಕ್ಷಣವು, ಅದರ ಪ್ರಮಾಣಪತ್ರದ ಮೇಲೆ ಯಾವ ದೇಶದ ಮುದ್ರೆಯಿದ್ದರೂ, ಅಪೂರ್ಣವೆಂದೇ ಹೇಳುತ್ತೇನೆ.

ನಮ್ಮ ದೇಶದಲ್ಲಿ ಸೌಂದರ್ಯ ಮತ್ತು ಸ್ವಾಸ್ಥ್ಯ ವಲಯಕ್ಕೆಂದೇ ಕೌಶಲ ಮಂಡಳಿಯೊಂದು ರಚಿತವಾಗಿ, 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿಗೆ ಅನುಗುಣವಾಗಿ ಸಹಾಯಕ ಬ್ಯೂಟಿ ಥೆರಪಿಸ್ಟ್, ಬ್ಯೂಟಿ ಥೆರಪಿಸ್ಟ್, ಸ್ಪಾ ಥೆರಪಿಸ್ಟ್ ಮೊದಲಾದ ಹುದ್ದೆಗಳಿಗೆ ಅರ್ಹತೆಯನ್ನು ಗೊತ್ತುಮಾಡಲಾಗಿದೆ. ಐಟಿಐಗಳಲ್ಲಿ ಕಾಸ್ಮೆಟಾಲಜಿಯು ಒಂದು ವರ್ಷದ ವಿಷಯವಾಗಿದೆ. ಅಂತರರಾಷ್ಟ್ರೀಯ ಡಿಪ್ಲೊಮಾಗೆ ತಗಲುವ ಶುಲ್ಕವನ್ನು ತೆರಲಾರದ ಮನೆಯ ಹೆಣ್ಣುಮಗಳಿಗೆ ಇದು ತೆರೆದ ಬಾಗಿಲು. ಆದರೆ ಹದಿನೈದು ದಿನಗಳಲ್ಲಿ ಥ್ರೆಡಿಂಗ್, ಫೇಷಿಯಲ್, ಮದುವಣಗಿತ್ತಿಯ ಮೇಕಪ್ಪು ಎಲ್ಲವನ್ನೂ ಕಲಿಸಿ, ಅಂತರರಾಷ್ಟ್ರೀಯ ಮಾನ್ಯತೆಯ ಪ್ರಮಾಣಪತ್ರವನ್ನೂ ಕೊಡುವೆವೆಂಬ ಫಲಕಗಳು ಬೀದಿಬೀದಿಗಳಲ್ಲಿ ತೂಗುತ್ತಿರುವಾಗ, ಹೆತ್ತವರು ಕಷ್ಟಪಟ್ಟು ಕೂಡಿಸಿದ ಹಣ ಎಲ್ಲಿಗೆ ಹೋಗುತ್ತಿದೆಯೆಂಬ ಚಿಂತೆ ಮನಸ್ಸನ್ನು ಬಾಧಿಸದಿರದು.

ಮಗಳನ್ನು ಈ ವಿದ್ಯೆಗೆ ಸೇರಿಸಬೇಕೆಂದಿರುವ ತಾಯಿತಂದೆಗಳು ಹಣ ಕಟ್ಟುವ ಮುನ್ನ ಶಾಲೆಯವರನ್ನು ಕೇಳಲಿ: ಪಾಠ ಎಷ್ಟು ಗಂಟೆ, ಪರೀಕ್ಷೆ ಮಾಡುವವರು ಒಳಗಿನವರೋ ಹೊರಗಿನವರೋ, ಪ್ರಮಾಣಪತ್ರ ಕೊಡುವ ಸಂಸ್ಥೆಯ ಪಟ್ಟಿಯಲ್ಲಿ ಈ ಶಾಲೆಯ ಹೆಸರುಂಟೋ ಇಲ್ಲವೋ. ಪಾರ್ಲರಿಗೆ ಹೋಗುವವರೂ ಅಷ್ಟೇ. ತಮ್ಮ ಆರೋಗ್ಯದ ಬಗೆಗೆ ಒಂದು ಮಾತನ್ನೂ ವಿಚಾರಿಸದೆ ಕೈ ಹಚ್ಚಲು ಬಂದವರನ್ನು ತಡೆದು, ಅವರ ಶಿಕ್ಷಣ ಎಲ್ಲಿ ಆಯಿತೆಂದು ಸಂಕೋಚವಿಲ್ಲದೆ ಕೇಳಲಿ. ಚೆನ್ನಾಗಿ ಕಲಿತವರಿಗೆ ಆ ಪ್ರಶ್ನೆಯಿಂದ ಬೇಸರವಾಗದು.