ಲಾರಿಯ ಇಂಜಿನ್ ಆಯಿಲ್: ಎಷ್ಟಕ್ಕೊಮ್ಮೆ ಬದಲಾಯಿಸಬೇಕು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದ ವ್ಯಾಪಾರ ಹಾಗೂ ಉದ್ಯಮಗಳು ಒಂದಲ್ಲ ಒಂದು ರೀತಿಯಲ್ಲಿ ಲಾರಿಯನ್ನೇ ಅವಲಂಬಿಸಿವೆ. ವಾಡಿಯಲ್ಲಿ 1968ರಿಂದ ನಡೆದುಬಂದ ಸಿಮೆಂಟ್ ಕಾರ್ಖಾನೆ, ಸೇಡಂ ಮತ್ತು ಮಳಖೇಡ ಸುತ್ತಲಿನ ಕಾರ್ಖಾನೆಗಳು, ಚಿತ್ತಾಪುರ ತಾಲೂಕಿನ ಇಟಗಾದ ಘಟಕ, ಶಹಾಬಾದಿನ ಫರಸಿ ಕಲ್ಲಿನ ಗಣಿಗಳು, ಚಿಂಚೋಳಿ ಕಡೆಯ ತೊಗರಿ ವ್ಯಾಪಾರ, ಇವೆಲ್ಲವುಗಳ ಸರಕು ಚಕ್ರಗಳ ಮೇಲೆಯೇ ಸಾಗಬೇಕು. ಒಂದೆರಡು ಲಾರಿಗಳನ್ನು ಸಾಲದ ಮೇಲೆ ಕೊಂಡು ದುಡಿಸುತ್ತಿರುವ ಸಣ್ಣ ಮಾಲೀಕರ ಸಂಖ್ಯೆಯೂ ಇಲ್ಲಿ ಕಡಿಮೆಯೇನಲ್ಲ.

ಡೀಸೆಲ್, ಟಯರು, ಚಾಲಕನ ಸಂಬಳ, ಸಾಲದ ಕಂತು ಇವುಗಳನ್ನು ಮಾಲೀಕರು ಪೈಸೆಪೈಸೆಯಾಗಿ ಲೆಕ್ಕ ಹಾಕುತ್ತಾರೆ. ಆದರೆ ಇಂಜಿನ್ ಆಯಿಲ್ ಯಾವಾಗ ಬದಲಾಯಿಸಬೇಕೆಂಬ ನಿರ್ಧಾರವನ್ನು ಮಾತ್ರ ಚಾಲಕನಿಗೋ ಗ್ಯಾರೇಜಿನ ಮಿಸ್ತ್ರಿಗೋ ಬಿಟ್ಟುಬಿಡುತ್ತಾರೆ. ಬಿಲ್ಲಿನ ಮೊತ್ತ ಚಿಕ್ಕದೆಂಬುದೇ ಈ ಉದಾಸೀನಕ್ಕೆ ಕಾರಣ. ಈ ಚಿಕ್ಕ ಬಿಲ್ಲಿನ ಹಿಂದೆ ಎಷ್ಟು ದೊಡ್ಡ ಮೊತ್ತ ಅಡಗಿದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆಯಿಲ್ ಕೆಡುವುದು ಹೇಗೆ?

ಇಂಜಿನ್ ಆಯಿಲ್‌ನ ಕೆಲಸ ಕೇವಲ ಜಾರಿಕೆ ಒದಗಿಸುವುದಲ್ಲ. ಅದು ಶಾಖವನ್ನು ಹೊತ್ತೊಯ್ಯುತ್ತದೆ, ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ತನ್ನೊಳಗೆ ಚದುರಿಸಿಟ್ಟುಕೊಳ್ಳುತ್ತದೆ ಮತ್ತು ದಹನದಿಂದ ಉಂಟಾಗುವ ಆಮ್ಲಗಳನ್ನು ತನ್ನಲ್ಲಿರುವ ಕ್ಷಾರಾಂಶದಿಂದ ಶಮನಗೊಳಿಸುತ್ತದೆ. ಕ್ಷಾರಾಂಶ ಕರಗಿದಾಗ, ಮಸಿ ಮಿತಿಮೀರಿದಾಗ, ಧೂಳು ಅಥವಾ ಡೀಸೆಲ್ ಬೆರೆತಾಗ ಆಯಿಲ್‌ನ ಆಯುಷ್ಯ ಮುಗಿಯಿತೆಂದು ತಿಳಿಯಬೇಕು.

ಬಣ್ಣವನ್ನು ನೋಡಿ ಈ ನಿರ್ಣಯ ಮಾಡಲಾಗದು. ಡೀಸೆಲ್ ಇಂಜಿನ್ನಿಗೆ ಹಾಕಿದ ಹೊಸ ಆಯಿಲ್ ಸ್ವಲ್ಪ ಕಾಲದಲ್ಲೇ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಡುವ ತನ್ನ ಕೆಲಸವನ್ನು ಅದು ಮಾಡುತ್ತಿದೆ ಎಂಬುದಷ್ಟೇ ಅದರ ಅರ್ಥ. ಅದೇ ರೀತಿ, ಆಗಾಗ ಅರ್ಧ-ಒಂದು ಲೀಟರ್ ಸುರಿದು ಮಟ್ಟ ಸರಿಪಡಿಸುವುದು ಆಯಿಲ್ ಬದಲಾವಣೆಗೆ ಸಮನಲ್ಲ.

ಹಳೆಯ ನಿಯಮವೇಕೆ ಬದಲಾಯಿತು?

ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸುವ ರೂಢಿ ಹಿಂದಿನ ತಲೆಮಾರಿನ ಮಾಲೀಕರಲ್ಲಿ ಸಾಮಾನ್ಯವಾಗಿತ್ತು. ಅದಕ್ಕೆ ಕಾರಣವೂ ಇತ್ತು. ಡೀಸೆಲ್‌ನಲ್ಲಿರುವ ಗಂಧಕವು ಉರಿದಾಗ ಆಮ್ಲವಾಗಿ ಆಯಿಲ್‌ನ ಕ್ಷಾರಾಂಶವನ್ನು ತಿನ್ನುತ್ತದೆ. ಬಿ.ಎಸ್.-3 ಡೀಸೆಲ್‌ನಲ್ಲಿ ಗಂಧಕದ ಮಿತಿ ದಶಲಕ್ಷಕ್ಕೆ 350 ಭಾಗಗಳಷ್ಟಿತ್ತು. 2017ರಲ್ಲಿ ಬಿ.ಎಸ್.-4 ದೇಶಾದ್ಯಂತ ಜಾರಿಯಾದಾಗ ಅದು 50ಕ್ಕೂ, 2020ರ ಏಪ್ರಿಲ್‌ನಲ್ಲಿ ಬಿ.ಎಸ್.-6 ಬಂದಾಗ 10ಕ್ಕೂ ಇಳಿಯಿತು. ಆಯಿಲ್‌ನ ಗುಣಮಟ್ಟವೂ, ಇಂಜಿನ್ನಿನ ರಚನೆಯೂ ಸುಧಾರಿಸಿದವು. ಆದ್ದರಿಂದಲೇ ಇಂದು ಹೊಸ ಲಾರಿಗಳ ಪುಸ್ತಿಕೆಯಲ್ಲಿ ಹಿಂದಿಗಿಂತ ಅನೇಕ ಪಟ್ಟು ದೀರ್ಘವಾದ ಅಂತರವನ್ನು ಸೂಚಿಸಲಾಗಿರುತ್ತದೆ.

ಆದರೆ ಅದೇ ಪುಸ್ತಿಕೆಯ ಮತ್ತೊಂದು ಅಂಶವನ್ನು ಓದುವವರು ವಿರಳ. ದೀರ್ಘ ಅಂತರವು ಹೆದ್ದಾರಿಯಲ್ಲಿ ನಿರಂತರ ಓಡುವ ವಾಹನಕ್ಕೆ ಹೇಳಿದ್ದು. ಧೂಳು, ಅತಿಯಾದ ಶಾಖ, ಅತಿಭಾರ, ಕಡಿಮೆ ದೂರದ ಓಡಾಟ, ನಿಂತಲ್ಲೇ ಇಂಜಿನ್ ಚಾಲೂ ಇರಿಸುವಿಕೆ ಇವು ಕಠಿಣ ದುಡಿಮೆಯ ಲಕ್ಷಣಗಳು; ಇಂತಹ ದುಡಿಮೆಗೆ ಅಂತರವನ್ನು ತಗ್ಗಿಸಬೇಕು. ನಮ್ಮ ಭಾಗದ ಎಷ್ಟೋ ಲಾರಿಗಳಿಗೆ ಈ ಐದೂ ಲಕ್ಷಣಗಳು ಅನ್ವಯಿಸುತ್ತವೆ.

ಮೂರು ಬಗೆಯ ದುಡಿಮೆ

ಮೊದಲನೆಯದು, ಸಿಮೆಂಟ್ ಅಥವಾ ಪಾಲಿಶ್ ಮಾಡಿದ ಫರಸಿ ತುಂಬಿಕೊಂಡು ಹೈದರಾಬಾದ್, ಸೋಲಾಪುರ, ಪುಣೆಗಳತ್ತ ಹೋಗುವ ಲಾರಿ. ಇದು ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡುತ್ತದೆ. ಆಯಿಲ್‌ಗೆ ಇದು ಹಿತವಾದ ದುಡಿಮೆ.

ಎರಡನೆಯದು, ಗಣಿಯಿಂದ ಕ್ರಷರಿಗೆ ಅಥವಾ ಪಾಲಿಶ್ ಘಟಕಕ್ಕೆ ಕಲ್ಲು ಸಾಗಿಸುವ ಟಿಪ್ಪರ್, ಮತ್ತು ಕಾರ್ಖಾನೆಯ ಗೇಟಿನ ಮುಂದೆ ಸರದಿಯಲ್ಲಿ ಇಂಚಿಂಚಾಗಿ ಮುಂದೆ ಸರಿಯುವ ಲಾರಿ. ಮೀಟರಿನಲ್ಲಿ ಕಿಲೋಮೀಟರ್ ಏರುವುದಿಲ್ಲ, ಆದರೆ ಇಂಜಿನ್ ತಿರುಗುತ್ತಲೇ ಇರುತ್ತದೆ. ಸುಣ್ಣಕಲ್ಲಿನ ಪುಡಿ ಮೃದುವಾದದ್ದೇ ಆದರೂ ಅದರೊಡನೆ ಬರುವ ಮರಳಿನ ಕಣಗಳು ಕಬ್ಬಿಣಕ್ಕಿಂತ ಗಟ್ಟಿ. ಏರ್ ಫಿಲ್ಟರ್ ಸಡಿಲವಾಗಿದ್ದರೆ ಅವು ಲೈನರ್ ಮತ್ತು ರಿಂಗುಗಳನ್ನು ಉಜ್ಜುಕಾಗದದಂತೆ ಸವೆಸುತ್ತವೆ. ಇಲ್ಲಿ ಎಷ್ಟು ಬೇಗ ಆಯಿಲ್ ಬದಲಾಯಿಸಿದರೂ ಏರ್ ಫಿಲ್ಟರ್ ಕಡೆಗಣಿಸಿದರೆ ಪ್ರಯೋಜನವಿಲ್ಲ.

ಮೂರನೆಯದು, ದಾಲ್ ಮಿಲ್ಲಿನ ಅಥವಾ ಅಡತಿಯವರ ಸ್ವಂತ ಲಾರಿ. ತೊಗರಿ ಸುಗ್ಗಿಯಲ್ಲಿ ಹಗಲಿರುಳು ಓಡಿ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ನಿಂತ ಇಂಜಿನ್ನಿನಲ್ಲಿ ತೇವ ಸೇರುತ್ತದೆ. ಇಂತಹ ಲಾರಿ ಎಷ್ಟೇ ಕಡಿಮೆ ಓಡಿದ್ದರೂ ಪುಸ್ತಿಕೆಯಲ್ಲಿ ಹೇಳಿದ ತಿಂಗಳುಗಳ ಮಿತಿಯೊಳಗೆ, ಮಿತಿ ಸೂಚಿಸದಿದ್ದರೆ ವರ್ಷಕ್ಕೊಮ್ಮೆಯಾದರೂ, ಆಯಿಲ್ ಬದಲಾಯಿಸುವುದು ಲೇಸು.

ಕಿಲೋಮೀಟರ್ ಬಿಟ್ಟು ಗಂಟೆ ಎಣಿಸಿ

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಎರಡು ಲಾರಿಗಳಿಗೆ 20,000 ಕಿಲೋಮೀಟರಿನ ಅಂತರ ಸೂಚಿಸಲಾಗಿದೆ ಎಂದಿಟ್ಟುಕೊಳ್ಳಿ. ಮೊದಲನೆಯದು ದಿನಕ್ಕೆ 10 ಗಂಟೆ ದುಡಿದು 400 ಕಿಲೋಮೀಟರ್ ಓಡುತ್ತದೆ. ಅದು 50 ದಿನಗಳಲ್ಲಿ, ಅಂದರೆ 500 ಗಂಟೆಗಳಲ್ಲಿ, 20,000 ಮುಟ್ಟುತ್ತದೆ. ಎರಡನೆಯದು ಗಣಿಯ ಟಿಪ್ಪರ್. ದಿನಕ್ಕೆ 8 ಗಂಟೆ ಇಂಜಿನ್ ಚಾಲೂ ಇದ್ದರೂ ಓಡುವುದು 70 ಕಿಲೋಮೀಟರ್ ಮಾತ್ರ. ಅದರ 500 ಗಂಟೆಗಳು ಸುಮಾರು 62 ದಿನಗಳಲ್ಲಿ ಮುಗಿಯುತ್ತವೆ, ಆಗ ಮೀಟರ್ ತೋರಿಸುವುದು ಕೇವಲ 4,375 ಕಿಲೋಮೀಟರ್. ಮಾಲೀಕರು 20,000ಕ್ಕಾಗಿ ಕಾದರೆ ಆ ಆಯಿಲ್ ಸುಮಾರು 2,286 ಗಂಟೆ, ಅಂದರೆ ನಾಲ್ಕೂವರೆ ಪಟ್ಟು ಹೆಚ್ಚು ಕಾಲ, ದುಡಿದಿರುತ್ತದೆ.

ಗಂಟೆಯ ಮೀಟರ್ ಇಲ್ಲದ ಹಳೆಯ ಲಾರಿಗೆ ಡೀಸೆಲ್ ಖಾತೆಯೇ ಆಧಾರ. ಆಯಿಲ್ ಸೇರುವ ಮಸಿ ಮತ್ತು ಆಮ್ಲಗಳು ಉರಿದ ಡೀಸೆಲ್‌ನಿಂದಲೇ ಬರುವುದರಿಂದ ಈ ಅಳತೆಯೂ ತರ್ಕಬದ್ಧ. ಮೊದಲ ಲಾರಿ ಲೀಟರಿಗೆ 4 ಕಿಲೋಮೀಟರ್ ಕೊಟ್ಟರೆ 20,000ಕ್ಕೆ 5,000 ಲೀಟರ್ ಉರಿಸುತ್ತದೆ. ಟಿಪ್ಪರ್ ಲೀಟರಿಗೆ 2 ಕಿಲೋಮೀಟರ್ ಕೊಟ್ಟರೆ ದಿನಕ್ಕೆ 35 ಲೀಟರಿನಂತೆ ಅಷ್ಟೇ ಡೀಸೆಲ್ 143 ದಿನಗಳಲ್ಲಿ, 10,000 ಕಿಲೋಮೀಟರಿಗೆ ಮುಗಿಯುತ್ತದೆ. ಗಂಟೆಯ ಲೆಕ್ಕ 62 ದಿನ ಎನ್ನುತ್ತದೆ, ಡೀಸೆಲ್ ಲೆಕ್ಕ 143 ದಿನ ಎನ್ನುತ್ತದೆ. ಧೂಳಿನ ದುಡಿಮೆಯಲ್ಲಿ ಚಿಕ್ಕ ಸಂಖ್ಯೆಯಿಂದ ಆರಂಭಿಸುವುದು ವಿವೇಕ.

ಬಳಿಕ ಎಷ್ಟು ಹೆಚ್ಚಿಸಬಹುದೆಂಬುದನ್ನು ಬಳಸಿದ ಆಯಿಲ್‌ನ ಪರೀಕ್ಷೆ ಹೇಳುತ್ತದೆ. ಇಂಜಿನ್ ಬಿಸಿಯಿರುವಾಗ ಸಣ್ಣ ಬಾಟಲಿಯಲ್ಲಿ ತೆಗೆದ ಮಾದರಿಯಿಂದ ಪ್ರಯೋಗಾಲಯವು ಆಯಿಲ್‌ನ ಸ್ನಿಗ್ಧತೆ, ಉಳಿದ ಕ್ಷಾರಾಂಶ, ಮಸಿ, ನೀರು ಹಾಗೂ ಡೀಸೆಲ್ ಬೆರಕೆಯನ್ನು ಅಳೆಯುತ್ತದೆ. ಕಬ್ಬಿಣದ ಅಂಶ ಏರಿದರೆ ಭಾಗಗಳು ಸವೆಯುತ್ತಿವೆ ಎಂದೂ, ಸಿಲಿಕಾನ್ ಏರಿದರೆ ಧೂಳು ಒಳನುಗ್ಗುತ್ತಿದೆ ಎಂದೂ ಅರ್ಥ. ಒಂದೇ ಬಗೆಯ ದುಡಿಮೆಯ ನಾಲ್ಕಾರು ಮಾಲೀಕರು ಸೇರಿ ಮಾದರಿಗಳನ್ನು ಕಳುಹಿಸಿದರೆ ಎಲ್ಲರಿಗೂ ದಾರಿ ಸ್ಪಷ್ಟವಾಗುತ್ತದೆ.

ರೂಪಾಯಿ ಲೆಕ್ಕ

ಒಂದು ಬದಲಾವಣೆಗೆ ಆಯಿಲ್, ಫಿಲ್ಟರ್, ಕೂಲಿ ಮತ್ತು ಅರ್ಧ ದಿನದ ನಷ್ಟ ಸೇರಿ 10,000 ರೂ. ಎಂದು ಭಾವಿಸೋಣ, ಓದುಗರು ತಮ್ಮ ಬಿಲ್ಲಿನ ಮೊತ್ತವನ್ನು ಇಲ್ಲಿ ಹಾಕಿಕೊಳ್ಳಬಹುದು. ವರ್ಷಕ್ಕೆ 300 ದಿನ ದುಡಿಯುವ ಟಿಪ್ಪರಿಗೆ 500 ಗಂಟೆಯ ಕ್ರಮದಲ್ಲಿ ಸುಮಾರು 48,000 ರೂ. ಖರ್ಚಾಗುತ್ತದೆ. 20,000 ಕಿಲೋಮೀಟರಿಗಾಗಿ ಕಾದರೆ ಸುಮಾರು 10,500 ರೂ. ಮಾತ್ರ. ಮೇಲ್ನೋಟಕ್ಕೆ ವರ್ಷಕ್ಕೆ 37,500 ರೂ. ಉಳಿತಾಯ.

ಆದರೆ ಇಂಜಿನ್ ಇಳಿಸಿ ಲೈನರ್, ಪಿಸ್ಟನ್, ಬೇರಿಂಗ್ ಬದಲಿಸುವ ಕೆಲಸಕ್ಕೆ 2.5 ಲಕ್ಷ ರೂ., ಲಾರಿ ನಿಂತ 20 ದಿನಗಳ ಆದಾಯ ನಷ್ಟ ದಿನಕ್ಕೆ 5,000ದಂತೆ 1 ಲಕ್ಷ ರೂ. ಎಂದರೆ ಒಟ್ಟು 3.5 ಲಕ್ಷವಾಯಿತು. ಇಂತಹ ಒಂದು ಕೆಲಸದ ಖರ್ಚನ್ನು ಸರಿದೂಗಿಸಲು ಆ 'ಉಳಿತಾಯ'ವನ್ನು ಒಂಬತ್ತು ವರ್ಷಕ್ಕೂ ಮಿಗಿಲಾಗಿ ಕೂಡಿಡಬೇಕು. ಲಾರಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ವರ್ಷಕ್ಕೆ ಒಂದು ಲಕ್ಷ ಕಿಲೋಮೀಟರ್ ಓಡುವ ಹೆದ್ದಾರಿ ಲಾರಿಗೆ 20,000 ಸಾಕಾಗುವಲ್ಲಿ ಹಳೆಯ ರೂಢಿಯಂತೆ 10,000ಕ್ಕೇ ಬದಲಿಸಿದರೆ ಐದು ಬದಲಾವಣೆಗಳು, ಅಂದರೆ 50,000 ರೂ., ವ್ಯರ್ಥ. ಐದು ಲಾರಿಗಳ ಮಾಲೀಕರಿಗೆ ಇದು ವರ್ಷಕ್ಕೆ 2.5 ಲಕ್ಷ.

ಬಿ.ಎಸ್.-6 ಲಾರಿ ಕೊಂಡವರಿಗೆ

ಈ ಲಾರಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಕಡಿಮೆ ಬೂದಿ ಬಿಡುವ, ಸಿ.ಕೆ.-4 ದರ್ಜೆಯಂತಹ, ಪುಸ್ತಿಕೆಯಲ್ಲಿ ಹೇಳಿದ ಆಯಿಲ್ ಅನ್ನೇ ಬಳಸಬೇಕು. ಅಗ್ಗದ ಬಿಡಿ ಆಯಿಲ್ ಹಾಕಿದರೆ ಬೂದಿ ತುಂಬಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅನೇಕ ಇಂಜಿನ್‌ಗಳಲ್ಲಿ ಮಸಿ ಸುಡಲು ಹೆಚ್ಚುವರಿ ಡೀಸೆಲ್ ಸಿಂಪಡಣೆಯಾಗುತ್ತದೆ. ಕಡಿಮೆ ದೂರದ ಓಡಾಟದಲ್ಲಿ ಈ ಕ್ರಿಯೆ ಪದೇಪದೇ ಅರ್ಧಕ್ಕೆ ನಿಂತು ಡೀಸೆಲ್ ಆಯಿಲ್‌ಗೆ ಇಳಿಯಬಹುದು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿರುವುದು ಕಂಡರೆ ಸಂತೋಷಪಡದೆ ಕೂಡಲೇ ತಪಾಸಣೆ ಮಾಡಿಸಬೇಕು.

ಲೆಕ್ಕಪತ್ರ ಮತ್ತು ತೆರಿಗೆ

ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಮಾಲೀಕರು ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವಾಗ, 12 ಟನ್ ಮೀರಿದ ವಾಹನಕ್ಕೆ ಟನ್ನೊಂದಕ್ಕೆ ತಿಂಗಳಿಗೆ 1,000 ರೂ. ಆದಾಯವೆಂದು ಪರಿಗಣಿಸಲಾಗುತ್ತದೆ. ಎಲ್ಲ ಖರ್ಚುಗಳನ್ನೂ ಅದರಲ್ಲೇ ಕಳೆದಂತೆ. ಇಂಜಿನ್ ದುರಸ್ತಿಗೆ ಲಕ್ಷಗಟ್ಟಲೆ ಸುರಿದರೂ ತೆರಿಗೆಯಲ್ಲಿ ಒಂದು ರೂಪಾಯಿಯೂ ತಗ್ಗುವುದಿಲ್ಲ. ಪೂರ್ತಿ ಹೊರೆ ಮಾಲೀಕರದೇ.

ಆಯಿಲ್ ಮೇಲೆ ಶೇ. 18 ಜಿ.ಎಸ್.ಟಿ. ಇದೆ. ಸರಕು ಸಾಗಣೆ ಏಜೆನ್ಸಿಯವರಿಗೆ 2025ರ ಸೆಪ್ಟೆಂಬರ್ 22ರಿಂದ ಹೂಡುವಳಿ ತೆರಿಗೆ ಜಮೆ ಇಲ್ಲದ ಶೇ. 5 ಅಥವಾ ಜಮೆಯಿರುವ ಶೇ. 18 ಎಂಬ ಆಯ್ಕೆಗಳಿವೆ. ಮೊದಲನೆಯದನ್ನು ಆರಿಸಿದವರಿಗೆ ಆಯಿಲ್ ಮೇಲಿನ ತೆರಿಗೆಯೂ ಖರ್ಚೇ. ಸ್ವಂತ ಸರಕಿಗೆ ಲಾರಿ ಬಳಸುವ ತಯಾರಕರಿಗೆ, ಅವರ ಮಾರಾಟ ತೆರಿಗೆಗೊಳಪಟ್ಟ ಪ್ರಮಾಣದಲ್ಲಿ, ಜಮೆ ದೊರೆಯುತ್ತದೆ. ಬಿಲ್ಲಿನೊಂದಿಗೇ ಆಯಿಲ್ ಕೊಳ್ಳುವುದು ನಕಲಿ ಮಾಲಿನಿಂದಲೂ ರಕ್ಷಣೆ. ವಾರಂಟಿ ಕೇಳುವಾಗ ಅದೇ ಸಾಕ್ಷಿ.

ತೆಗೆದ ಹಳೆಯ ಆಯಿಲ್ 2016ರ ನಿಯಮಗಳಡಿ ಅಪಾಯಕಾರಿ ತ್ಯಾಜ್ಯ. ಅದನ್ನು ಅಧಿಕೃತ ಮರುಸಂಸ್ಕರಣಕಾರರಿಗೇ ಕೊಡಬೇಕು. ನೆಲಕ್ಕೆ ಚೆಲ್ಲಿದ್ದು ಕೊನೆಗೆ ಸೇರುವುದು ಕಾಗಿಣಾ ನದಿಯನ್ನೇ.

ಮಾಲೀಕರು ಮಾಡಬೇಕಾದದ್ದು ಇಷ್ಟೇ: ಪ್ರತಿ ಲಾರಿಗೂ ಒಂದು ಪುಟ ತೆರೆದು ದಿನಾಂಕ, ಕಿಲೋಮೀಟರ್, ಗಂಟೆ, ಡೀಸೆಲ್ ಲೀಟರ್, ಆಯಿಲ್ ದರ್ಜೆ ಮತ್ತು ಬಿಲ್ ಸಂಖ್ಯೆ ಬರೆಸುವುದು, ಪುಸ್ತಿಕೆಯ ಕಠಿಣ ದುಡಿಮೆಯ ಸೂಚನೆಯನ್ನು ಓದುವುದು, ಕಿಲೋಮೀಟರ್, ಗಂಟೆ, ತಿಂಗಳು ಇವುಗಳಲ್ಲಿ ಯಾವುದರ ಮಿತಿ ಮೊದಲು ಬರುವುದೋ ಅಂದೇ ಆಯಿಲ್ ಬದಲಾಯಿಸುವುದು. ವಾರಂಟಿಯಿರುವ ಲಾರಿಗೆ ಪುಸ್ತಿಕೆಯ ಮಿತಿಯನ್ನು ಎಂದೂ ಮೀರಬಾರದು. ಸಂಜೆ ಐದು ನಿಮಿಷದಲ್ಲಿ ಮುಗಿಯುವ ಈ ಬರವಣಿಗೆ ಅಕಾಲದಲ್ಲಿ ಇಂಜಿನ್ ಇಳಿಸುವ ಪ್ರಸಂಗವನ್ನು ತಪ್ಪಿಸಬಲ್ಲದು.