ಉಸಿರುಂಟು ಎಂದುಕೊಂಡೆವು

ಕೆಲವು ವರ್ಷಗಳ ಹಿಂದಿನ ಮಾತು. ಸುಬ್‌ಹಿ ನಮಾಝ್ ಮುಗಿದು ಜನ ಎದ್ದು ಹೊರಡುವ ಹೊತ್ತು. ನಮ್ಮ ಜಮಾಅತ್‌ನ ಹಿರಿಯ ಹಾಜಿಯವರೊಬ್ಬರು ಕುಳಿತಲ್ಲಿಂದಲೇ ಪಕ್ಕಕ್ಕೆ ವಾಲಿ ಬಿದ್ದರು. ಓಡಿ ಹೋಗಿ ನೋಡಿದರೆ ಬಾಯಿ ತೆರೆದುಕೊಂಡು ಆಗೊಮ್ಮೆ ಈಗೊಮ್ಮೆ ಗೊರ್ ಗೊರ್ ಎಂದು ಶ್ವಾಸ ಎಳೆಯುತ್ತಿದ್ದರು. "ಉಸಿರುಂಟು, ಉಸಿರುಂಟು" ಎಂದು ಹೇಳಿದವರು ನಾವೇ. ಒಬ್ಬರು ಪಾದ ತಿಕ್ಕಿದರು, ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಇನ್ನೊಬ್ಬರು ಬಾಯಿಗೆ ಝಂಝಂ ಬಿಟ್ಟರು. ಕಿವಿಯ ಹತ್ತಿರ ಬಾಗಿ ಕಲಿಮ ಹೇಳಿಕೊಟ್ಟೆವು. ನಂತರ ನಾಲ್ಕು ಜನ ಎತ್ತಿ ಕಾರಿಗೆ ಹಾಕಿ ಆಸ್ಪತ್ರೆಗೆ ಹೋದೆವು. ಇಪ್ಪತ್ತು ನಿಮಿಷದ ದಾರಿ. ಅಲ್ಲಿ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಯಾರಾದರೂ ಎದೆ ಒತ್ತಿದಿರಾ?" ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆಯುಸ್ಸು ಅಲ್ಲಾಹನ ಕೈಯಲ್ಲಿ ಎಂಬುದರಲ್ಲಿ ನಮಗೆ ಸಂಶಯ ಇಲ್ಲ. ಆದರೆ ನಮ್ಮ ಕೈಯಲ್ಲಿ ಇದ್ದದ್ದನ್ನು ನಾವು ಮಾಡಲಿಲ್ಲ. ಆಮೇಲೆ ಪ್ರಥಮ ಚಿಕಿತ್ಸೆಯ ತರಬೇತಿಯೊಂದರಲ್ಲಿ ಕುಳಿತಾಗ ಗೊತ್ತಾಯಿತು, ಆ ಗೊರಗೊರ ಶಬ್ದ ಉಸಿರಾಟವೇ ಅಲ್ಲ. ಹೃದಯ ನಿಂತ ಮೊದಲ ಕೆಲವು ನಿಮಿಷ ದೇಹ ಹಾಗೆ ಶ್ವಾಸ ಎಳೆಯುವುದುಂಟು. ಕರೆದರೆ, ಭುಜ ತಟ್ಟಿದರೆ ಎಚ್ಚರ ಇಲ್ಲ, ಉಸಿರು ಸರಿಯಾಗಿ ಆಡುತ್ತಿಲ್ಲ ಎಂದರೆ ಹೃದಯ ಸ್ತಂಭನ ಎಂದೇ ತಿಳಿಯಬೇಕು.

ಇದನ್ನು ನಾವೆಲ್ಲ 'ಅಟ್ಯಾಕ್' ಎಂದು ಬಿಡುತ್ತೇವೆ. ಎರಡೂ ಬೇರೆ. ಹಾರ್ಟ್ ಅಟ್ಯಾಕ್ ಎಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟುವುದು. ಎದೆ ನೋವು, ಬೆವರು ಬರುತ್ತದೆ, ಆದರೆ ಮನುಷ್ಯ ಹೆಚ್ಚಾಗಿ ಎಚ್ಚರದಲ್ಲಿ ಇರುತ್ತಾನೆ, ಮಾತಾಡುತ್ತಾನೆ. ಹೃದಯ ಸ್ತಂಭನದಲ್ಲಿ ಅನೇಕ ಸಲ ಹೃದಯದ ಒಳಗಿನ ವಿದ್ಯುತ್ತೇ ತಾಳ ತಪ್ಪುತ್ತದೆ. ಹೃದಯ ಬಡಿಯುವ ಬದಲು ಬರೇ ನಡುಗುತ್ತದೆ. ನಡುಗುವ ಕೈಯಲ್ಲಿ ಅಕ್ಷರ ಬರೆಯಲಿಕ್ಕೆ ಆಗದ ಹಾಗೆ, ನಡುಗುವ ಹೃದಯಕ್ಕೆ ರಕ್ತ ತಳ್ಳಲಿಕ್ಕೆ ಆಗುವುದಿಲ್ಲ. ಅಟ್ಯಾಕ್‌ನಿಂದಲೂ ಹೀಗೆ ಆಗಬಹುದು. ಆ ನಡುಕವನ್ನು ಒಂದು ಕ್ಷಣ ನಿಲ್ಲಿಸಿ, ಹೃದಯಕ್ಕೆ ತನ್ನ ತಾಳ ಮತ್ತೆ ಹಿಡಿಯಲು ಅವಕಾಶ ಕೊಡುವ ಯಂತ್ರವೇ ಡಿಫಿಬ್ರಿಲೇಟರ್. ಜನರೇ ಬಳಸಬಹುದಾದ ಚಿಕ್ಕ ಪೆಟ್ಟಿಗೆಗೆ ಎಇಡಿ ಎನ್ನುತ್ತಾರೆ. ಗಲ್ಫ್‌ನಲ್ಲಿ ದುಡಿಯುವ ನಮ್ಮ ಮಕ್ಕಳು ವಿಮಾನ ನಿಲ್ದಾಣದಲ್ಲಿ, ಮಾಲ್‌ಗಳಲ್ಲಿ ಇದನ್ನು ನೋಡಿಯೇ ಇರುತ್ತಾರೆ: ಹಸಿರು ಬಣ್ಣ, ಬಿಳಿ ಹೃದಯದ ಚಿತ್ರ, ಅದರೊಳಗೆ ಮಿಂಚಿನ ಗೆರೆ.

ಎದೆಯನ್ನೂ ಒತ್ತದೆ, ಶಾಕ್ ಕೂಡ ಸಿಗದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಸಿಯುತ್ತದೆ. ನಮ್ಮ ಇಪ್ಪತ್ತು ನಿಮಿಷದ ಲೆಕ್ಕ ನೀವೇ ಹಾಕಿ ನೋಡಿ.

ಹಾಗಾಗಿ ಬಿದ್ದವರನ್ನು ಕಾರಿಗೆ ಎತ್ತಿ ಹಾಕುವ ಅವಸರ ಬೇಡ. ಒಬ್ಬರು 108ಕ್ಕೆ ಕರೆ ಮಾಡಲಿ, ಒಬ್ಬರು ಎಇಡಿ ತರಲು ಓಡಲಿ, ಒಬ್ಬರು ಅಲ್ಲೇ ಗಟ್ಟಿ ನೆಲದ ಮೇಲೆ ಮಲಗಿಸಿ ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಲು ಶುರು ಮಾಡಲಿ. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ. ಇದು ಸುಲಭ ಅಲ್ಲ ಮಾರಾಯ್ರೆ, ಎರಡು ನಿಮಿಷದಲ್ಲಿ ನಮ್ಮ ಕೈ ಸೋತು ಹೋಗಿತ್ತು, ಅದೂ ತರಬೇತಿಯ ಗೊಂಬೆಯ ಮೇಲೆ. ಸರದಿಯಲ್ಲಿ ಒತ್ತಬೇಕು. ಕಲಿಮ ಹೇಳಿಕೊಡುವವರು ಹೇಳಲಿ, ಒತ್ತುವವರು ನಿಲ್ಲಿಸಬಾರದು. ಬಾಯಿಗೆ ನೀರು ಮಾತ್ರ ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಯಂತ್ರ ಬಂದ ಕೂಡಲೇ ಆನ್ ಮಾಡಿ. ಮುಂದೆ ಅದೇ ಮಾತಾಡಿ ಹೇಳಿಕೊಡುತ್ತದೆ. ಇಂಗ್ಲಿಷ್ ಬಾರದಿದ್ದರೆ ಹೈಸ್ಕೂಲಿನ ಹುಡುಗನನ್ನು ಪಕ್ಕದಲ್ಲಿ ಕೂರಿಸಿ; ಪ್ಯಾಡ್ ಮೇಲೆ ಚಿತ್ರವೂ ಉಂಟು. ಒಂದು ಪ್ಯಾಡ್ ಬಲ ಭುಜದ ಎಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ ಪಕ್ಕೆಗೆ. ವುಝೂ ಮಾಡುವಲ್ಲಿ ಬಿದ್ದವರಾದರೆ ನೀರಿನಿಂದ ಈಚೆಗೆ ಎಳೆದು ಎದೆ ಒರೆಸಿಯೇ ಅಂಟಿಸಬೇಕು. ಯಂತ್ರ ಪರೀಕ್ಷಿಸುವಾಗ ಮತ್ತು ಶಾಕ್ ಕೊಡುವಾಗ ಯಾರೂ ಮುಟ್ಟಬಾರದು. ಶಾಕ್ ಆದ ಕೂಡಲೇ ಪುನಃ ಎದೆ ಒತ್ತುವುದು. ಎರಡೆರಡು ನಿಮಿಷಕ್ಕೆ ಅದು ಮತ್ತೆ ಪರೀಕ್ಷಿಸುತ್ತದೆ. "ನಾವು ಕೊಟ್ಟ ಶಾಕ್‌ನಿಂದ ಸತ್ತರೆ?" ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ತೀರ್ಮಾನ ಯಂತ್ರದ್ದು, ಶಾಕ್ ಬೇಡದ ಹೃದಯಕ್ಕೆ ಅದು ಕೊಡುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಜನ ಬಾಯಿ ಬಿಟ್ಟು ಕೇಳುವುದಿಲ್ಲ. ಬಿದ್ದವರು ಹೆಂಗಸಾದರೆ? ಪ್ಯಾಡ್ ಬರಿ ಚರ್ಮಕ್ಕೇ ಅಂಟಬೇಕು, ಬಟ್ಟೆ ಸರಿಸಲೇಬೇಕು. ಜೀವ ಹೋಗುವ ಅನಿವಾರ್ಯತೆಯಲ್ಲಿ ನಿರ್ಬಂಧ ಸಡಿಲಗೊಳ್ಳುತ್ತದೆ ಎಂಬುದು ಫಿಕ್ಹ್ ಓದಿದವರಿಗೆಲ್ಲ ಗೊತ್ತಿರುವ ವಿಷಯ. ಹೆಂಗಸರು ಇದ್ದರೆ ಅವರೇ ಮಾಡಲಿ, ಸುತ್ತ ಶಾಲು ಹಿಡಿಯಲಿ. ಯಾರೂ ಇಲ್ಲವೆಂದು ಗಂಡಸು ಕೈಕಟ್ಟಿ ನಿಲ್ಲುವುದು ಸರಿಯಲ್ಲ. ಮನೆಯಲ್ಲಿ ಉಮ್ಮಂದಿರು, ಹೆಣ್ಣುಮಕ್ಕಳು ಇದನ್ನು ಕಲಿಯಬೇಕಾದ ಕಾರಣವೂ ಇದೇ.

ಫುಟ್‌ಬಾಲ್ ನೋಡುವ ನಮ್ಮ ಹುಡುಗರಿಗೆ ಕ್ರಿಶ್ಚಿಯನ್ ಎರಿಕ್ಸನ್ ನೆನಪಿರಬಹುದು. 2021ರ ಜೂನ್ 12, ಕೋಪನ್‌ಹೇಗನ್, ಡೆನ್ಮಾರ್ಕ್-ಫಿನ್ಲೆಂಡ್ ಪಂದ್ಯ. ಮೊದಲಾರ್ಧ ಮುಗಿಯುವ ಮುಂಚೆ ಮೈದಾನದಲ್ಲೇ ಕುಸಿದರು. ಜೊತೆ ಆಟಗಾರರು ಸುತ್ತ ನಿಂತು ಮರೆ ಮಾಡಿದರು, ವೈದ್ಯರು ಎದೆ ಒತ್ತಿ ಅಲ್ಲಿಯೇ ಶಾಕ್ ಕೊಟ್ಟರು. ಆಗ ಅವರಿಗೆ ವಯಸ್ಸು 29. ಎದೆಯೊಳಗೆ ಚಿಕ್ಕ ಡಿಫಿಬ್ರಿಲೇಟರ್ ಇಡಿಸಿಕೊಂಡು ಮತ್ತೆ ಆಡಿದರು, 2024ರ ಯೂರೋ ಕಪ್‌ನಲ್ಲಿ ಗೋಲನ್ನೂ ಹೊಡೆದರು.

ನಮ್ಮ ಮಸೀದಿಗಳಲ್ಲಿ ಈಗ ಎಸಿ ಉಂಟು, ಗಾಜಿನ ದೀಪದ ಗೊಂಚಲು ಉಂಟು, ಬೇಕಾದಷ್ಟು ಸ್ಪೀಕರ್ ಉಂಟು. ಎಇಡಿಗೆ ಲಕ್ಷ ರೂಪಾಯಿಯ ಆಸುಪಾಸು ಆಗಬಹುದು, ಮಾದರಿ ನೋಡಿ ಹೆಚ್ಚು ಕಮ್ಮಿ. ಮರಣ ಹೊಂದಿದ ತಂದೆ ತಾಯಿಯ ಹೆಸರಲ್ಲಿ ಸದಕಾ ಜಾರಿಯಾ ಎಂದು ಏನು ಕೊಡಲಿ ಎಂದು ಕೇಳುವ ಗಲ್ಫ್ ಮಕ್ಕಳಿಗೆ ಜಮಾಅತ್ ಕಮಿಟಿಯವರು ಇದನ್ನು ಸೂಚಿಸಬಹುದು. ಒಂದು ಜುಮಾದ ಬಳಿಕ ಅರ್ಧ ಗಂಟೆ ಎದೆ ಒತ್ತುವುದನ್ನು ಕಲಿಸಲು ಹತ್ತಿರದ ಆಸ್ಪತ್ರೆಯವರನ್ನು ಕರೆಯಬಹುದು.

ತಂದರೆ ಎಲ್ಲಿ ಇಡುತ್ತೀರಿ ಎಂಬುದೂ ಮುಖ್ಯ. ಆಫೀಸಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟು, ಕೀ ಮುಅಝ್ಝಿನ್ ಹತ್ತಿರ ಉಂಟು, ಅವರು ಊಟಕ್ಕೆ ಹೋಗಿದ್ದಾರೆ ಎಂದಾಗಬಾರದು. ಚಪ್ಪಲಿ ಬಿಡುವ ಬಾಗಿಲ ಪಕ್ಕದ ಗೋಡೆಗೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಪ್ಯಾಡ್‌ಗೂ ಬ್ಯಾಟರಿಗೂ ಅವಧಿ ಮುಗಿಯುವ ದಿನಾಂಕ ಇರುತ್ತದೆ. ಅದನ್ನು ನೋಡಿಕೊಳ್ಳಲು ಕಮಿಟಿಯಲ್ಲಿ ಒಬ್ಬರನ್ನು ಹೆಸರು ಹೇಳಿಯೇ ನೇಮಿಸಬೇಕು.