ನಿದ್ದೆಯಲ್ಲಿ ಬಿದ್ದ ಒದೆ

ಹಲವು ದೇಶಗಳ 24 ಕೇಂದ್ರಗಳಲ್ಲಿ ನರವೈದ್ಯರು 1,280 ಜನರನ್ನು ವರ್ಷಗಟ್ಟಲೆ ಗಮನಿಸುತ್ತ ಬಂದರು. ಶುರುವಿನಲ್ಲಿ ಇವರಲ್ಲಿ ಯಾರಿಗೂ ಪಾರ್ಕಿನ್ಸನ್ ಇರಲಿಲ್ಲ, ಮರೆಗುಳಿತನವೂ ಇರಲಿಲ್ಲ. ಎಲ್ಲರದೂ ಒಂದೇ ತೊಂದರೆ: ಕನಸಿನಲ್ಲಿ ಯಾರನ್ನಾದರೂ ಹೊಡೆದರೆ ಹಾಸಿಗೆಯಲ್ಲೂ ಕೈ ಬೀಸುತ್ತಿದ್ದರು, ಕನಸಿನಲ್ಲಿ ಓಡಿದರೆ ಪಕ್ಕದಲ್ಲಿ ಮಲಗಿದವರಿಗೆ ಒದೆ ಬೀಳುತ್ತಿತ್ತು. 2019ರಲ್ಲಿ ಲೆಕ್ಕ ಹೊರಬಿತ್ತು. ವರ್ಷಕ್ಕೆ ನೂರರಲ್ಲಿ ಆರು ಮಂದಿಗಿಂತ ತುಸು ಹೆಚ್ಚು ಜನ ಪಾರ್ಕಿನ್ಸನ್ ಅಥವಾ ಅದರ ದಾಯಾದಿ ಕಾಯಿಲೆಗಳತ್ತ ಜಾರುತ್ತಿದ್ದರು. 12 ವರ್ಷಕ್ಕೆ ಅಂದಾಜು ಶೇ. 73.5.

ನಿದ್ದೆಯ ಈ ಒದೆತಕ್ಕೆ ರೆಮ್ ನಿದ್ರಾ ವರ್ತನೆಯ ತೊಂದರೆ ಎನ್ನುತ್ತಾರೆ. ಸುಮಾರು 90 ನಿಮಿಷಕ್ಕೊಮ್ಮೆ, ರಾತ್ರಿಗೆ ನಾಲ್ಕೈದು ಸಲ, ನಾವು ರೆಮ್ ನಿದ್ದೆಗೆ ಇಳಿಯುತ್ತೇವೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಓಡಾಡುತ್ತದೆ, ಕನಸು ಜೋರಾಗಿರುತ್ತದೆ. ಆದರೆ ಉಸಿರಾಟದ ಸ್ನಾಯುವಿನಂಥ ಕೆಲವನ್ನು ಬಿಟ್ಟರೆ ಮೈಯೆಲ್ಲ ಸ್ತಬ್ಧ. ಈ ಕಟ್ಟು ಹಾಕುವುದು ಮಿದುಳ ಕಾಂಡದಲ್ಲಿರುವ, ಎರಡೂವರೆ ಸೆಂಟಿಮೀಟರಿನಷ್ಟು ಉದ್ದದ ಪಾನ್ಸ್ ಎಂಬ ಭಾಗ. ಫ್ರಾನ್ಸಿನ ಲಿಯಾನ್‌ನ ನಿದ್ರಾ ಸಂಶೋಧಕ ಮಿಶೆಲ್ ಜೂವೆ 1965ರಲ್ಲೇ ಬೆಕ್ಕುಗಳ ಪಾನ್ಸ್‌ನ ಒಂದು ಚೂರನ್ನು ಕೆಡಿಸಿ ನೋಡಿದ್ದರು. ಬೆಕ್ಕುಗಳು ರೆಮ್ ನಿದ್ದೆಯಲ್ಲೇ ಎದ್ದು, ಎದುರಿಗಿಲ್ಲದ ಬೇಟೆಗೆ ಹೊಂಚು ಹಾಕಿದವು.

ಮನುಷ್ಯರಲ್ಲೂ ಹೀಗಾಗುತ್ತದೆಂದು ಅಮೆರಿಕದ ಮಿನಿಯಾಪೊಲಿಸ್‌ನ ವೈದ್ಯರಾದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ ಬರೆದದ್ದು 1986ರಲ್ಲಿ, ಬರೀ ಐದು ರೋಗಿಗಳನ್ನು ಮುಂದಿಟ್ಟುಕೊಂಡು. ಅವರಲ್ಲೊಬ್ಬರು 67ರ ನಿವೃತ್ತ ದಿನಸಿ ವ್ಯಾಪಾರಿ. ಕನಸಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತ ಎದುರಾಳಿಯ ಮೇಲೆ ನುಗ್ಗಿದರು. ಎಚ್ಚರವಾದಾಗ ಮಲಗುವ ಕೋಣೆಯ ಸಾಮಾನು ಚೆಲ್ಲಾಪಿಲ್ಲಿಯಾಗಿತ್ತು, ಅವರಿಗೂ ಪೆಟ್ಟಾಗಿತ್ತು.

ಇದೇ ತಂಡ 50 ದಾಟಿದ 29 ಗಂಡಸರನ್ನು ಬಿಡದೆ ನೋಡಿಕೊಂಡು ಬಂತು. 1996ರ ಹೊತ್ತಿಗೆ ಶೇ. 38 ಮಂದಿಗೆ ಪಾರ್ಕಿನ್ಸನ್ ಮಾದರಿಯ ಕಾಯಿಲೆ ಬಂದಿತ್ತು. ಉಳಿದವರು ಪಾರಾದರೆಂದುಕೊಳ್ಳಬಹುದಿತ್ತು. ಇನ್ನೂ 16 ವರ್ಷ ಕಾದು ಎಣಿಸಿದರೆ ಶೇ. 81! ವೈದ್ಯಶಾಸ್ತ್ರದಲ್ಲಿ ಮುನ್ಸೂಚನೆ ಎಂಬ ಮಾತನ್ನು ತೀರಾ ಧಾರಾಳವಾಗಿ ಬಳಸುತ್ತಾರೆ. ಇಲ್ಲಿ ಮಾತ್ರ ಅದು ಸಲ್ಲುತ್ತದೆ.

ನನ್ನನ್ನು ದಂಗುಬಡಿಸಿದ್ದು ಅಮೆರಿಕದ ಮೇಯೋ ಕ್ಲಿನಿಕ್‌ನ ಇನ್ನೊಂದು ಲೆಕ್ಕ. ಒದೆತ ಶುರುವಾಗಿ ಕನಿಷ್ಠ 15 ವರ್ಷದ ಮೇಲೆ ಕಾಯಿಲೆ ಕಾಣಿಸಿಕೊಂಡ 27 ಜನರನ್ನು ಅಲ್ಲಿನವರು 2010ರಲ್ಲಿ ಪಟ್ಟಿ ಮಾಡಿದರು. ಅರ್ಧದಷ್ಟು ಜನರಲ್ಲಿ ಅಂತರ 25 ವರ್ಷ ಅಥವಾ ಅದಕ್ಕೂ ಹೆಚ್ಚು. ಅತಿ ಹೆಚ್ಚೆಂದರೆ 50.

ಇಷ್ಟು ನಿಧಾನ ಏಕೆ? ಈ ಕಾಯಿಲೆಗಳ ಹಿಂದಿರುವುದು ಆಲ್ಫಾ ಸಿನ್ಯೂಕ್ಲಿನ್ ಎಂಬ ಪುಟ್ಟ ಪ್ರೋಟೀನು, ಬರೇ 140 ಅಮೈನೋ ಆಮ್ಲಗಳ ಸರ. ಇದು ಮಡಿಕೆ ತಪ್ಪಿ ಗಂಟುಗಟ್ಟುತ್ತದೆ. ಜರ್ಮನಿಯ ಹೈಕೋ ಬ್ರಾಕ್ 2003ರಲ್ಲಿ ಹೇಳಿದ ಪ್ರಕಾರ ಈ ಗಂಟು ಮಿದುಳ ಕಾಂಡದ ಬುಡದಿಂದ ಆರು ಹಂತಗಳಲ್ಲಿ ಮೇಲೇರುತ್ತದೆ. ಎಲ್ಲರಲ್ಲೂ ಹೀಗೇ ಏನಲ್ಲ. ಆದರೆ ಏರಿದಾಗ ನಿದ್ದೆಯ ಕಟ್ಟು ಮೊದಲು ಸಿಗುತ್ತದೆ, ಚಲನೆಯನ್ನು ನೋಡಿಕೊಳ್ಳುವ ಕಪ್ಪು ಜೀವಕೋಶಗಳು ಆಮೇಲೆ. ಸುಮಾರು 8,600 ಕೋಟಿ ನರಕೋಶಗಳಿರುವ ಮಿದುಳಿನಲ್ಲಿ ಆ ಕಪ್ಪು ಕೋಶಗಳು ಕೆಲವೇ ಲಕ್ಷ. ಅವುಗಳಲ್ಲಿ ಅರ್ಧದಷ್ಟು ಸತ್ತ ಮೇಲಷ್ಟೇ ಕೈ ನಡುಗುವುದು.

ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ 40 ದಾಟಿದ ಸುಮಾರು 2,000 ಜನರ ನಿದ್ದೆಯನ್ನು ಅಳೆದಾಗ ನೂರಕ್ಕೊಬ್ಬರಲ್ಲಿ ಈ ತೊಂದರೆ ಸಿಕ್ಕಿತು. 2011ರ ಜನಗಣತಿಯಲ್ಲಿ ನಮ್ಮ ದೇಶದ 60 ದಾಟಿದವರು 10 ಕೋಟಿಗೂ ಹೆಚ್ಚು. ಅದೇ ಪ್ರಮಾಣ ಇಲ್ಲಿಗೂ ಹೊಂದಿದರೆ, ಬರೀ ಅವರಲ್ಲೇ 10 ಲಕ್ಷ.

ಹಾಗೆಂದು ಯಜಮಾನರು ಒಮ್ಮೆ ಒದ್ದರೆಂದು ಗಾಬರಿ ಬೇಡ. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ, ಗೊರಕೆಯ ನಡುವೆ ಉಸಿರು ಕಟ್ಟುವವರೂ ಹೀಗೇ ಒದ್ದಾಡುತ್ತಾರೆ. ರಾತ್ರಿಯಿಡೀ ನಡೆಸುವ ನಿದ್ರಾ ಪರೀಕ್ಷೆಯಿಂದ ಮಾತ್ರ ಖಚಿತವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ಮೆಲಟೋನಿನ್, ಕ್ಲೋನಜೆಪಾಮ್ ಒದೆತವನ್ನು ತಗ್ಗಿಸಬಲ್ಲವು, ಗಂಟಿನ ಪಯಣವನ್ನು ನಿಲ್ಲಿಸುವ ಮದ್ದು ಇನ್ನೂ ಇಲ್ಲ. ಒದ್ದವರಿಗೆ ತಾವು ಒದ್ದದ್ದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಆದ್ದರಿಂದ ಮತ್ತೆ ಮತ್ತೆ ಹೀಗಾಗುತ್ತಿದ್ದರೆ, ಪಕ್ಕದಲ್ಲಿ ಮಲಗುವವರೇ ಜೊತೆಗೆ ಹೋಗಿ ನರವೈದ್ಯರಿಗೆ ಹೇಳಿ.